ಮಷಿನ್ ಸಿಗ್ತದ, ಬ್ಯಾಟರಿ ಯಾರು ಕೊಡ್ತಾರ್ರೀ?

ಕಿವಿ ಕೇಳದ ಮಕ್ಕಳಿಗೆ ಅಂತ ದಾನ ಕೇಳಲು ಹೋದರೆ ಹುಬ್ಬಳ್ಳಿಯಲ್ಲಿ ಇಲ್ಲ ಎನ್ನುವವರು ಕಡಿಮೆ. ಎಲ್ಲರ ಮೊದಲ ಪ್ರಶ್ನೆ ಮಾತ್ರ ಒಂದೇ: "ಎಷ್ಟು ಮಷಿನ್ ಹಂಚೋಣ್ರೀ?" ಮಷಿನ್ ಅಂದರೆ ಕಿವಿಗೆ ಹಾಕುವ ಶ್ರವಣಸಾಧನ. ಹಂಚುವುದೆಂದರೆ ವೇದಿಕೆ, ಬ್ಯಾನರ್, ಶಾಲು, ಫೋಟೊ. ನಾನು ಆಡಿಯಾಲಜಿಸ್ಟ್, ಕಿವಿ ಎಷ್ಟು ಕೇಳುತ್ತದೆಂದು ಪರೀಕ್ಷಿಸಿ ಮಷಿನ್ ಹೊಂದಿಸುವುದು ನನ್ನ ಕೆಲಸ. ಗೆಳೆಯರು ಕೂಡಿ ಕಟ್ಟಿಕೊಂಡ ಸಣ್ಣ ಟ್ರಸ್ಟಿನ ಜೊತೆ ರಜೆ ದಿನಗಳಲ್ಲಿ ಗದಗ, ಹಾವೇರಿ ಕಡೆಯ ಹಳ್ಳಿಗಳಿಗೆ ಹೋಗುತ್ತೇನೆ. "ಮಷಿನ್ ಬ್ಯಾಡ್ರೀ, ಬ್ಯಾಟರಿಗೆ ಕೊಡ್ರಿ, ಮೋಲ್ಡಿಗೆ ಕೊಡ್ರಿ" ಅಂದರೆ ದಾನಿಗಳ ಮುಖ ಸಪ್ಪಗಾಗುತ್ತದೆ. ಮೋಲ್ಡ್ ಅಂದರೆ ಮಷಿನ್ನಿನ ಸದ್ದನ್ನು ಕಿವಿಯೊಳಗೆ ಒಯ್ಯುವ, ಕಿವಿಯ ಅಚ್ಚಿನಂತೆ ಮಾಡಿದ ತುಂಡು. ಬ್ಯಾಟರಿ ಜೊತೆ ಫೋಟೊ ಚೆನ್ನಾಗಿ ಬರುವುದಿಲ್ಲ, ನಿಜ.

ಮಷಿನ್ ಅಂಗವಿಕಲರಿಗೆ ಸಾಧನ ಕೊಡುವ ಕೇಂದ್ರ ಸರ್ಕಾರದ ಆಡಿಪ್ ಯೋಜನೆಯಲ್ಲಿ ಬರುತ್ತದೆ. ಅಂಗವಿಕಲರ ಗುರುತಿನ ಚೀಟಿ, ಆದಾಯ ಪತ್ರ ಅಂತ ಓಡಾಟ ಇದೆ, ಆದರೆ ಸಿಗುತ್ತದೆ. ಸಿಕ್ಕ ಮೇಲೆ ಏನಾಗುತ್ತದೆ ಎಂಬುದನ್ನು ನೋಡಲು ಮನೆಗೇ ಹೋಗಬೇಕು. ಶಿರಹಟ್ಟಿ, ಸವಣೂರು ಕಡೆ ಎಷ್ಟೋ ಮನೆಗಳಲ್ಲಿ ಅದು ದೇವರ ಮಾಡದಲ್ಲಿ, ಬಂದ ಡಬ್ಬಿಯಲ್ಲೇ ಭದ್ರವಾಗಿ ಕೂತಿರುತ್ತದೆ. ಕಾರಣ ಕೇಳಿದರೆ ಎರಡೇ: "ಸೆಲ್ ಮುಗದಾವ್ರೀ", ಇಲ್ಲವೆ "ಕುಂಯ್ ಅಂತದ್ರೀ, ಕಿತ್ತೊಗೀತಾನ."

ಎರಡೂ ಸರಿಯಾದ ಕಾರಣಗಳೇ. ಕಿವಿ ಹಿಂದೆ ಹಾಕುವ ಮಷಿನ್ನಿನ ಬ್ಯಾಟರಿ ದಿನವಿಡೀ ಹಾಕಿದರೆ ಒಂದೆರಡು ವಾರ ಬರುತ್ತದೆ. ಕಿತ್ತಳೆ ಬಣ್ಣದ ಸ್ಟಿಕ್ಕರಿನದು 13 ನಂಬರ್, ನೀಲಿಯದು 675. ಸ್ಟಿಕ್ಕರ್ ಕಿತ್ತ ಕೂಡಲೇ ಗಾಳಿ ತಾಗಿ ಅದು ಕೆಲಸ ಶುರು ಮಾಡುತ್ತದೆ. ಆಮೇಲೆ ಮಷಿನ್ ಹಾಕಲಿ ಬಿಡಲಿ, ಖರ್ಚಾಗುತ್ತಲೇ ಇರುತ್ತದೆ. ಇನ್ನು ಕುಂಯ್ ಎನ್ನುವುದು ಮೋಲ್ಡಿನ ದೂರು. ಕೂಸಿನ ಕಿವಿ ಬೆಳೆಯುತ್ತದೆ, ಅದಕ್ಕೆ ಅಳತೆ ತೆಗೆದು ಮಾಡಿದ ಮೋಲ್ಡ್ ಬೆಳೆಯುವುದಿಲ್ಲ. ಸಂದಿಯಿಂದ ಸದ್ದು ಹೊರಗೆ ಬಂದು ಮತ್ತೆ ಮೈಕಿಗೆ ಹೊಕ್ಕು ಸಿಳ್ಳೆ ಹೊಡೆಯುತ್ತದೆ. ಸಣ್ಣ ಕೂಸುಗಳಿಗಂತೂ ಕೆಲವೇ ತಿಂಗಳಿಗೊಮ್ಮೆ ಹೊಸ ಮೋಲ್ಡ್ ಬೇಕು.

ಅಳತೆ ತೆಗೆಯುವುದೇ ಒಂದು ಹೋರಾಟ. ಮೊದಲು ಟಾರ್ಚ್ ಹಾಕಿ ಕಿವಿಯಲ್ಲಿ ಗುಗ್ಗಿ, ಕೀವು ಇಲ್ಲವೆಂದು ಖಾತ್ರಿ ಮಾಡಿಕೊಳ್ಳುತ್ತೇನೆ. ದಾರ ಕಟ್ಟಿದ ಸಣ್ಣ ಸ್ಪಂಜನ್ನು ಒಳಗೆ ಕೂಡಿಸುತ್ತೇನೆ, ಅಳತೆಯ ಹಿಟ್ಟು ಕಿವಿಯ ತಮಟೆಗೆ ಮುಟ್ಟಬಾರದು ಅಂತ. ಆಮೇಲೆ ಎರಡು ಬಣ್ಣದ ಸಿಲಿಕಾನ್ ಹಿಟ್ಟನ್ನು ಬೆರಳಲ್ಲಿ ನಾದಿ ಸಿರಿಂಜಿಗೆ ತುಂಬಿ ಕಿವಿಗೆ ಒತ್ತಬೇಕು. ನಾದುವುದು ತಡವಾದರೆ ಸಿರಿಂಜಿನಲ್ಲೇ ಗಟ್ಟಿಯಾಗುತ್ತದೆ. ಒತ್ತಿದ ಮೇಲೆ ಐದು ನಿಮಿಷ ಕೂಸು ಅಲುಗಾಡದಂತೆ ತಾಯಿ ತೊಡೆ ಮೇಲೆ ಹಿಡಿದಿರಬೇಕು. ಮೊಬೈಲಿನಲ್ಲಿ ಟ್ರ್ಯಾಕ್ಟರ್ ವಿಡಿಯೊ ಹಚ್ಚಿ ಕೊಟ್ಟರೆ ಗಂಡು ಹುಡುಗರು ತೆಪ್ಪಗಿರುತ್ತಾರೆ ಎಂಬುದು ಯಾವ ಪಠ್ಯದಲ್ಲೂ ಇಲ್ಲದ ವಿದ್ಯೆ.

ಇಷ್ಟಕ್ಕೂ ಮೊದಲು ಕೂಸು ಸಿಗಬೇಕಲ್ಲ. ಹುಟ್ಟಿದ ಒಂದು ತಿಂಗಳೊಳಗೆ ಮೊದಲ ಪರೀಕ್ಷೆ, ಮೂರು ತಿಂಗಳೊಳಗೆ ಬೆರಾ (ಸದ್ದಿಗೆ ಕಿವಿಯ ನರ, ಮಿದುಳು ಸ್ಪಂದಿಸುವುದನ್ನು ಅಳೆಯುವ ಪರೀಕ್ಷೆ) ಮಾಡಿ ಖಚಿತ, ಆರು ತಿಂಗಳೊಳಗೆ ಮಷಿನ್ ಮತ್ತು ಮಾತಿನ ತರಬೇತಿ, ಇದು ನಾವು ಕಲಿತ ಲೆಕ್ಕ. ಹಳ್ಳಿಯಿಂದ ನಮ್ಮ ಹತ್ತಿರ ಬರುವ ಮಕ್ಕಳು ಬಹುತೇಕ ಎರಡು ಮೂರು ವರ್ಷ ದಾಟಿದವರು. "ಅವರಪ್ಪನೂ ತಡಾನ ಮಾತಾಡಿದ್ದ" ಅಂತ ಅಜ್ಜಿ ಹೇಳಿರುತ್ತಾಳೆ. "ಗಂಗಾಳ ಬಡದ್ರ ತಿರಗತಾನ್ರೀ" ಅಂತ ಚಿಕ್ಕಪ್ಪ ಹೇಳುತ್ತಾನೆ. ಕೇಳದ ಕೂಸಿನ ಕಣ್ಣು ಬಲು ಚುರುಕು. ನೆರಳು ಕಂಡು, ನೆಲದ ಅದುರು ತಿಳಿದು ತಿರುಗುತ್ತದೆ. ಹಾಗಾಗಿ ಆಶಾ ಅಕ್ಕಾವ್ರಿಗೆ ನಾವು ಕೇಳುವುದು ಒಂದೇ: ಕೂಸಿಗೆ ಕಾಣದಂತೆ ಹಿಂದೆ ನಿಂತು, ಏನನ್ನೂ ಬಡಿಯದೆ, ಬರೀ ಹೆಸರು ಹಿಡಿದು ಕರೆಯಿರಿ. ತಿರುಗದಿದ್ದರೆ ಫೋನ್ ಮಾಡಿರಿ. ತೂಕ ಕಡಿಮೆ ಹುಟ್ಟಿದ್ದು, ಹುಟ್ಟಿದಾಗ ಅಳದೇ ಇದ್ದದ್ದು, ಕಾಮಾಲೆ ಏರಿ ಐಸಿಯುನಲ್ಲಿದ್ದದ್ದು, ಸೋದರಮಾವನ ಸಂಬಂಧದಲ್ಲಿ ಹುಟ್ಟಿದ್ದು, ಈ ಕೂಸುಗಳಿದ್ದರೆ ಕರೆದು ನೋಡುವುದಕ್ಕೂ ಕಾಯದೆ ಹೆಸರು ಬರೆದುಕೊಡಿ ಅನ್ನುತ್ತೇನೆ.

ಮಕ್ಕಳ ಶ್ರವಣದೋಷದಲ್ಲಿ ಶೇ 60ರಷ್ಟು ತಡೆಯಬಹುದಾದ ಕಾರಣಗಳಿಂದ ಬರುತ್ತದೆ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಗರ್ಭಿಣಿಗೆ ರುಬೆಲ್ಲಾ ತಗುಲಿದರೆ ಕೂಸಿಗೆ ಕಿವಿ, ಕಣ್ಣು, ಹೃದಯ ಮೂರಕ್ಕೂ ಪೆಟ್ಟು. 2017ರ ಫೆಬ್ರುವರಿಯಲ್ಲಿ ಕರ್ನಾಟಕದಲ್ಲಿ ದಡಾರ-ರುಬೆಲ್ಲಾ ಲಸಿಕೆ ಅಭಿಯಾನ ಶುರುವಾದಾಗ ಶಾಲೆಗಳಲ್ಲಿ ಎದ್ದ ಗಾಳಿಸುದ್ದಿ ನೆನಪಿದೆ. ಇನ್ನೊಂದು ಸೋರುವ ಕಿವಿ. ಶಾಲೆ ತಪಾಸಣೆಯಲ್ಲಿ ನಮಗೆ ಹೆಚ್ಚು ಕಾಣುವುದು ಇದೇ. ಬಳ್ಳೊಳ್ಳಿ ಹಾಕಿ ಕಾಸಿದ ಎಣ್ಣಿ ಬಿಟ್ಟು ಅರಳೆ ತುರುಕಿ ಕಳಿಸಿರುತ್ತಾರೆ. ಕಿವಿಗೆ ನೀರು, ಎಣ್ಣೆ ಎರಡೂ ಹೋಗಬಾರದು. ಸ್ವಚ್ಛ ಬಟ್ಟೆಯ ಬತ್ತಿ ಹೊಸೆದು ಕೀವು ಹೀರಿಸಿ, ಇಎನ್‌ಟಿ ಡಾಕ್ಟರು ಬರೆದ ಹನಿ ಪೂರ್ತಿ ಹಾಕಬೇಕು. ಸಾಮಾನ್ಯವಾಗಿ ಇಷ್ಟಕ್ಕೇ ಸೋರುವುದು ನಿಲ್ಲುತ್ತದೆ, ಕೆಲವರಿಗೆ ತಮಟೆಯ ಆಪರೇಷನ್ ಬೇಕಾಗುತ್ತದೆ.

ಮಷಿನ್ ಹಾಕಿದ ಮಕ್ಕಳ ತಾಯಂದಿರಿಗೆ ದಿನಾ ಬೆಳಿಗ್ಗೆ ಮಾಡಲು ಒಂದು ಪರೀಕ್ಷೆ ಕಲಿಸಿದ್ದೇವೆ. ಬಾಯಿಗೆ ಕೈ ಅಡ್ಡ ಹಿಡಿದು ಆ, ಈ, ಊ, ಮ್, ಶ್, ಸ್ ಎಂಬ ಆರು ಸದ್ದು ಒಂದೊಂದಾಗಿ ಮಾಡುವುದು. ಕೇಳಿದಾಗ ಕೂಸು ಒಂದು ಮಣಿ ಬಟ್ಟಲಿಗೆ ಹಾಕುವುದು. ನಿನ್ನೆ ಕೇಳುತ್ತಿದ್ದ ಸದ್ದು ಇವತ್ತು ಕೇಳದಿದ್ದರೆ ಮಷಿನ್ನಿಗೆ ಏನೋ ಆಗಿದೆ ಎಂದು ತಾಯಿಗೆ ಅಲ್ಲೇ ಗೊತ್ತಾಗುತ್ತದೆ. ಬ್ಯಾಡಗಿ ಕಡೆಯ ಒಬ್ಬ ತಾಯಿ ಮಣಿ ಬದಲು ಮೆಣಸಿನಕಾಯಿ ತೊಟ್ಟು ಹಾಕಿಸುತ್ತಿದ್ದಳು. ಆಕೆಯ ಕೂಲಿಯೇ ತೊಟ್ಟು ಬಿಡಿಸುವುದು.

ಆ ಕೂಲಿಯ ಮಾತೂ ಹೇಳಬೇಕು. ಶಕ್ತಿ ಯೋಜನೆ ಬಂದ ಮೇಲೆ ತಾಯಂದಿರಿಗೆ ಹುಬ್ಬಳ್ಳಿ ತನಕ ಬಸ್ಸಿನ ಖರ್ಚಿಲ್ಲ. ಆದರೆ ಒಂದು ದಿನದ ಪಗಾರ ಹೋಗುತ್ತದೆ, ಮಾತಿನ ತರಬೇತಿಗೆ ವಾರ ವಾರ ಬರಬೇಕು. ನಮ್ಮ ಟ್ರಸ್ಟ್ ಈಗ ತರಬೇತಿಗೆ ಬಂದ ದಿನ ಆ ಪಗಾರ ತುಂಬಿಕೊಡುತ್ತದೆ. ಇದಕ್ಕೆ ದಾನ ಕೇಳುವುದು ಎಲ್ಲಕ್ಕಿಂತ ಕಷ್ಟ. "ರೊಕ್ಕ ಕೊಟ್ಟು ಕರಸ್ತೀರೇನ್ರೀ?" ಅಂತ ಒಬ್ಬರು ನೇರವಾಗೇ ಕೇಳಿದರು. ಹೌದು ಅಂದೆ. ಲೆಕ್ಕದ ಪುಸ್ತಕ ತೋರಿಸಿದೆ. ಆ ವರ್ಷ ಅವರು ಕೊಡಲಿಲ್ಲ, ಮರುವರ್ಷ ಕೊಟ್ಟರು.

ಬ್ಯಾಟರಿಯನ್ನು ಒಟ್ಟಿಗೆ ತಂದು ಆಶಾ ಅಕ್ಕಾವ್ರ ಹತ್ತಿರ ಇಡುತ್ತೇವೆ. ಹಳೆಯದನ್ನು ತಂದುಕೊಟ್ಟರೆ ಹೊಸದು. ಸಣ್ಣ ಮಕ್ಕಳು ಬಾಯಿಗೆ ಹಾಕಿಕೊಳ್ಳದಂತೆ ಖಾಲಿ ಸೆಲ್ ವಾಪಸ್ ಬರಲೇಬೇಕು ಎಂಬುದೂ ಈ ನಿಯಮದ ಹಿಂದಿದೆ. ಇನ್ನೂ ಬಗೆಹರಿಯದ್ದು ಕಾಕ್ಲಿಯರ್ ಇಂಪ್ಲಾಂಟ್, ಅಂದರೆ ಆಪರೇಷನ್ ಮಾಡಿ ಒಳಕಿವಿಗೆ ಕೂಡಿಸುವ ಸಾಧನ, ಆದ ಮಕ್ಕಳದು. ಆಪರೇಷನ್ ಸರ್ಕಾರದ ಖರ್ಚಿನಲ್ಲಿ ಆಗಿರುತ್ತದೆ, ವಾರಂಟಿ ಮುಗಿದ ಮೇಲೆ ಸದ್ದು ಹಿಡಿದು ಒಳಗೆ ಕಳಿಸುವ ಹೊರಗಿನ ಪ್ರೊಸೆಸರಿನ ಒಂದು ಕೇಬಲ್ ಹೋದರೂ ಸಾವಿರಗಟ್ಟಲೆ. ಅದಕ್ಕಂತಲೇ ಬೇರೆ ನಿಧಿ ತೆರೆಯಬೇಕೆಂದು ಟ್ರಸ್ಟಿನಲ್ಲಿ ಮಾತಾಗಿದೆ, ಮೊದಲ ಕಂತಿಗೆ ಈ ಬೇಸಿಗೆಯಲ್ಲಿ ಅಂಗಡಿ ಅಂಗಡಿ ತಿರುಗಬೇಕು.