ಹಳೇ ಕಂಪ್ಯೂಟರಿಗೆ ಎಂಥ ಪೆನ್‌ಡ್ರೈವ್? ಅಳಿಯನಿಗೆ ಕೊಡಿಸಿದ ಅನುಭವ

ಮುಂಬೈ ಹತ್ತಿರದ ಡೊಂಬಿವಲಿಯಲ್ಲಿರುವ ಅಕ್ಕನ ಮಗ ಈ ವರ್ಷ ಮೆಕ್ಯಾನಿಕಲ್ ಡಿಪ್ಲೊಮಾ ಸೇರಿದ. "ಮಾವ, ಒಂದು ಟಿಬಿ ಎಸ್‌ಎಸ್‌ಡಿ ತಗೊಳ್ಳಲಾ? ಸೆಕೆಂಡಿಗೆ ಸಾವಿರ ಎಂಬಿ ಹೋಗತ್ತಂತೆ" ಎಂದು ಕೇಳಿದ. ಎಸ್‌ಎಸ್‌ಡಿ ಅಂದರೆ ತಿರುಗುವ ಡಿಸ್ಕ್ ಇಲ್ಲದ, ಚಿಪ್ಪಿನಲ್ಲೇ ಫೈಲು ಇಡುವ ವೇಗದ ಡ್ರೈವ್. ಡಬ್ಬಿಯ ಮೇಲೆ ಏನು ಬರೆದಿದೆ ಅನ್ನೋದು ಆಮೇಲಿನ ಮಾತು, ನೀನು ಅದನ್ನು ಎಲ್ಲೆಲ್ಲಿ ಚುಚ್ಚುತ್ತೀಯ ಹೇಳು ಅಂದೆ.

ಮನೆಯಲ್ಲಿ ಇರುವುದು ನಮ್ಮ ಆಫೀಸಿನವರು ಹಳೇ ಸಾಮಾನು ಮಾರುವಾಗ ನಾನು ತಂದುಕೊಟ್ಟ ಡೆಸ್ಕ್‌ಟಾಪ್, ವಿಂಡೋಸ್ 7. ಕಾಲೇಜಿನ ಲ್ಯಾಬಿನಲ್ಲಿ ಹೊಸ ಕಂಪ್ಯೂಟರುಗಳೂ ಇವೆ, ಆದರೆ ಒಂದು ಅಳತೆ ಯಂತ್ರಕ್ಕೆ ಜೋಡಿಸಿದ್ದು ಮಾತ್ರ ಇನ್ನೂ 7ಕ್ಕಿಂತ ಹಳೆಯ ವಿಂಡೋಸ್ ಎಕ್ಸ್‌ಪಿ, ಯಾಕೆಂದರೆ ಆ ಯಂತ್ರದ ಸಾಫ್ಟ್‌ವೇರ್ ಬೇರೆ ಯಾವುದರಲ್ಲೂ ಓಡುವುದಿಲ್ಲವಂತೆ. ಮೂರನೆಯದು ಸ್ಟೇಷನ್ ಹತ್ತಿರದ ಜೆರಾಕ್ಸ್ ಅಂಗಡಿ. ಅಲ್ಲಿ ಏನಿದೆಯೋ ದೇವರಿಗೇ ಗೊತ್ತು. ಈ ಮೂರರಲ್ಲಿ ಯಾವುದು ಅತಿ ಹಳೆಯದೋ ಅದರ ಪ್ರಕಾರವೇ ಕೊಳ್ಳಬೇಕು, ಅಲ್ವಾ?

ಮೊದಲು ವೇಗದ ಲೆಕ್ಕ. ಹಳೇ ಕಂಪ್ಯೂಟರಿನ ಪೋರ್ಟು ಯುಎಸ್‌ಬಿ 2.0, ಅಂದರೆ 2000ನೇ ಇಸವಿಯ ತಂತ್ರ. ಕಾಗದದ ಮೇಲೆ ಸೆಕೆಂಡಿಗೆ 480 ಮೆಗಾಬಿಟ್ (ಎಂಟು ಬಿಟ್‌ಗೆ ಒಂದು ಬೈಟ್, ಅಂದರೆ 60 ಎಂಬಿ), ಕೈಗೆ ಸಿಗುವುದು 30–35 ಎಂಬಿ. ಸೆಕೆಂಡಿಗೆ ಸಾವಿರ ಎಂಬಿ ಹೋಗುವ ಎಸ್‌ಎಸ್‌ಡಿ ಹಾಕಿದರೂ ಅಷ್ಟೇ. ಆ ದುಡ್ಡು ಸುಮ್ನೆ ದಂಡ.

ಪೋರ್ಟಬಲ್ ಹಾರ್ಡ್‌ಡಿಸ್ಕ್ ತಗೊಂಡರೆ ಕರೆಂಟಿನ ತೊಂದರೆ ಬರಬಹುದು. ಯುಎಸ್‌ಬಿ 2.0 ಪೋರ್ಟು ಕೊಡಬೇಕಾದದ್ದು 500 ಮಿಲಿಆಂಪ್ ಮಾತ್ರ, 3.0 ಆದರೆ 900. ಡಿಸ್ಕ್ ತಿರುಗಲು ಶುರುವಾಗುವ ಗಳಿಗೆಯಲ್ಲಿ ಜಾಸ್ತಿ ಎಳೆಯುತ್ತದೆ. ಸಾಲದಿದ್ದರೆ ಟಿಕ್ ಟಿಕ್ ಅಂತ ಸದ್ದು ಮಾಡುತ್ತದೆ, ಡ್ರೈವ್ ಮಾತ್ರ ಕಾಣಿಸಿಕೊಳ್ಳುವುದಿಲ್ಲ. ಡಿಸ್ಕ್ ಕೆಟ್ಟಿತು ಅಂತ ಜನ ಬಿಸಾಕಿಬಿಡುತ್ತಾರೆ. ಸಿಪಿಯು ಡಬ್ಬದ ಮುಂದಿನ ಪೋರ್ಟಿಗೆ ಒಳಗಿನಿಂದ ತೆಳು ವೈರ್ ಬಂದಿರುತ್ತದೆ, ಹಿಂದಿನದು ನೇರ ಮದರ್‌ಬೋರ್ಡಿನಲ್ಲೇ ಇರುತ್ತದೆ. ಹಾಗಾಗಿ ಮೊದಲು ಹಿಂದಿನದಕ್ಕೆ ಚುಚ್ಚಿ ನೋಡಿ. ನನ್ನ ಹತ್ತಿರ ಇದ್ದ 500 ಜಿಬಿ ಡಿಸ್ಕನ್ನು ಅಕ್ಕನ ಮನೆಯಲ್ಲಿ ಹಾಗೇ ಹಿಂದಿನ ಪೋರ್ಟಿಗೆ ಹಾಕಿಟ್ಟು ಬಂದೆ. ಅದು ಬ್ಯಾಕಪ್‌ಗೆ, ಮನೆ ಬಿಟ್ಟು ಹೊರಗೆ ಹೋಗುವ ಹಾಗಿಲ್ಲ.

ಹೊರಗೆ ಒಯ್ಯಲು 32 ಜಿಬಿಯ ಎರಡು ಪೆನ್‌ಡ್ರೈವ್. ಯಾಕೆ 32 ಅಂದರೆ ಫಾರ್ಮ್ಯಾಟ್, ಅಂದರೆ ಡ್ರೈವಿನಲ್ಲಿ ಫೈಲು ಜೋಡಿಸಿಡುವ ಕ್ರಮದ ಕಾರಣಕ್ಕೆ. 64 ಜಿಬಿ ಮತ್ತು ಮೇಲಿನವು ಸಾಮಾನ್ಯವಾಗಿ ಎಕ್ಸ್‌ಫ್ಯಾಟ್ ಅನ್ನೋ ಹೊಸ ಕ್ರಮದಲ್ಲಿ ಬರುತ್ತವೆ. ವಿಂಡೋಸ್ 7ಕ್ಕೆ ಅದು ಗೊತ್ತು. ಎಕ್ಸ್‌ಪಿಗೆ ಬೇರೆ ಅಪ್‌ಡೇಟ್ ಹಾಕಬೇಕು, ಲ್ಯಾಬಿನ ಕಂಪ್ಯೂಟರಿಗೆ ವಿದ್ಯಾರ್ಥಿ ಏನನ್ನೂ ಹಾಕುವ ಹಾಗಿಲ್ಲ. ಅಲ್ಲಿ ಚುಚ್ಚಿದರೆ "ಫಾರ್ಮ್ಯಾಟ್ ಮಾಡಲೇ?" ಅಂತ ಕೇಳುತ್ತದೆ, ಗಾಬರಿಯಲ್ಲಿ ಯೆಸ್ ಒತ್ತಿದರೆ ಇದ್ದದ್ದೆಲ್ಲ ಅಳಿಸಿ ಮುಗೀತು. ಹಳೇ ಕ್ರಮವಾದ ಫ್ಯಾಟ್32 ಆದರೆ ಎಕ್ಸ್‌ಪಿ, 7, 10, ಫೋನು ಎಲ್ಲದಕ್ಕೂ ನಡೆಯುತ್ತದೆ. ಆದರೆ ಹಳೇ ವಿಂಡೋಸ್‌ನ ಫಾರ್ಮ್ಯಾಟ್ ಕಿಟಕಿಯಲ್ಲಿ 32 ಜಿಬಿಗಿಂತ ದೊಡ್ಡದಕ್ಕೆ ಆ ಆಯ್ಕೆಯೇ ಸಿಗುವುದಿಲ್ಲ. ಇನ್ನೊಂದು ಮಿತಿ, ಒಂದೇ ಫೈಲು 4 ಜಿಬಿ ದಾಟಬಾರದು. ಡ್ರಾಯಿಂಗು, ರಿಪೋರ್ಟು ಅಷ್ಟಾಗುವುದಿಲ್ಲ ಬಿಡಿ. ಸಿನಿಮಾ ತುಂಬಿಸುವಾಗ ಬೇಕಾದರೆ ಅಡ್ಡ ಬರಬಹುದು, ಬರಲಿ.

ಕೊಳ್ಳಲು ಮುಂಬೈಯ ಎಲೆಕ್ಟ್ರಾನಿಕ್ಸ್ ಪೇಟೆ ಲ್ಯಾಮಿಂಗ್ಟನ್ ರೋಡಿಗೆ ಹೋದೆವು, ಗ್ರಾಂಟ್ ರೋಡ್ ಸ್ಟೇಷನ್ನಿನಿಂದ ನಡೆದೇ ಹೋಗಬಹುದು. ದಾರಿಯಲ್ಲಿ ಫುಟ್‌ಪಾತಿನ ಮೇಲೆ "ಎರಡು ಟಿಬಿ ಪೆನ್‌ಡ್ರೈವ್" ಪುಡಿಗಾಸಿಗೆ ಮಾರುತ್ತಿದ್ದರು, ಹುಡುಗ ನಿಂತೇಬಿಟ್ಟ. ಕೈಹಿಡಿದು ಎಳೆದುಕೊಂಡು ಹೋದೆ. ಅಂಥದ್ದರ ಒಳಗೆ ಇರುವುದು ಚಿಕ್ಕ ಚಿಪ್ಪು. ಕಂಪ್ಯೂಟರಿಗೆ ದೊಡ್ಡ ಸಂಖ್ಯೆ ಹೇಳುವಂತೆ ಅದರ ಕಂಟ್ರೋಲರನ್ನು ತಿದ್ದಿರುತ್ತಾರೆ. ನಿಜವಾದ ಜಾಗ ತುಂಬಿದ ಮೇಲೂ ಕಾಪಿ ಆಗುತ್ತಲೇ ಇರುತ್ತದೆ, ಫೈಲಿನ ಹೆಸರೂ ಕಾಣುತ್ತದೆ, ತೆರೆದರೆ ಒಳಗೆ ಕಸ. ಒಳ್ಳೇ ಅಂಗಡಿಯಲ್ಲಿ ಬಿಲ್ ಸಮೇತ ತಗೊಂಡರೂ ನಾನು ಒಮ್ಮೆ ಪರೀಕ್ಷೆ ಮಾಡುತ್ತೇನೆ. ಎಚ್2ಟೆಸ್ಟ್‌ಡಬ್ಲ್ಯು ಅಂತ ಉಚಿತ ಪ್ರೋಗ್ರಾಂ ಇದೆ. ಅದು ಡ್ರೈವ್ ಪೂರ್ತಿ ಬರೆದು, ಮತ್ತೆ ಓದಿ ತಾಳೆ ನೋಡುತ್ತದೆ. ಹಳೇ ಪೋರ್ಟಿನಲ್ಲಿ ಗಂಟೆಗೂ ಜಾಸ್ತಿ ಹಿಡಿಯಿತು, ಹಚ್ಚಿಟ್ಟು ಊಟಕ್ಕೆ ಕೂತೆವು. ಪಾಸಾಯಿತು. ಆದರೂ 29.8 ಜಿಬಿ ಅಂತ ಕಂಡು "ಮೋಸ ಹೋದ್ವಿ ಮಾವ" ಅಂದ ಅಳಿಯ. ಮೋಸವಲ್ಲ. ಕಂಪನಿಯವರು ಜಿಬಿಯನ್ನು ನೂರು ಕೋಟಿ ಬೈಟ್ ಅಂತ ಎಣಿಸುತ್ತಾರೆ, ವಿಂಡೋಸ್ 1024×1024×1024 ಬೈಟ್ ಅಂತ ಎಣಿಸುತ್ತದೆ, ಹಾಗಾಗಿ ಸಂಖ್ಯೆ ಚಿಕ್ಕದಾಗಿ ಕಾಣುತ್ತದೆ.

ಎರಡು ಯಾಕೆ ಅಂದರೆ ಜೆರಾಕ್ಸ್ ಅಂಗಡಿಗಾಗಿ. ಎಕ್ಸ್‌ಪಿಗೆ 2014ರಲ್ಲಿ, 7ಕ್ಕೆ 2020ರಲ್ಲಿ ಮೈಕ್ರೋಸಾಫ್ಟ್ ಬೆಂಬಲ ನಿಲ್ಲಿಸಿತು, ಅಂದರೆ ಸುರಕ್ಷತೆಯ ಅಪ್‌ಡೇಟ್ ಬರುವುದಿಲ್ಲ. ದಿನಕ್ಕೆ ಎಷ್ಟೋ ಜನ ಬಂದು ಚುಚ್ಚುವ ಅಂಥ ಕಂಪ್ಯೂಟರಿನಲ್ಲಿ ಶಾರ್ಟ್‌ಕಟ್ ವೈರಸ್ ಹತ್ತದಿದ್ದರೇ ಆಶ್ಚರ್ಯ. ಫೋಲ್ಡರುಗಳೆಲ್ಲ ಶಾರ್ಟ್‌ಕಟ್ ಆಗಿ ಕಾಣುತ್ತವೆ. ಅದರ ಮೇಲೆ ಕ್ಲಿಕ್ ಮಾಡಬಾರದು. ಸಾಮಾನ್ಯವಾಗಿ ನಿಜವಾದ ಫೋಲ್ಡರು ಅಡಗಿ ಕೂತಿರುತ್ತದೆ, ಅಳಿಸಿ ಹೋಗಿರುವುದಿಲ್ಲ. ಹಾಗಾಗಿ ಕೆಂಪು ದಾರ ಕಟ್ಟಿದ್ದು ಪ್ರಿಂಟಿಗೆ ಮಾತ್ರ. ಅದರಲ್ಲಿ ಪಿಡಿಎಫ್ ಬಿಟ್ಟು ಬೇರೇನೂ ಇರಬಾರದು, ವಾಪಸ್ ಬಂದ ಮೇಲೆ ಸ್ಕ್ಯಾನ್ ಮಾಡಿ ಫಾರ್ಮ್ಯಾಟ್. ಪಿಡಿಎಫ್ ಅಭ್ಯಾಸ ನಮಗೆ ಕನ್ನಡ ಸಂಘದ ಕೆಲಸದಿಂದ ಬಂದದ್ದು. ನುಡಿ ಅನ್ನೋ ಕನ್ನಡ ಟೈಪಿಂಗ್ ಸಾಫ್ಟ್‌ವೇರಿನಲ್ಲಿ ಟೈಪ್ ಮಾಡಿದ ಆಮಂತ್ರಣವನ್ನು ಹಾಗೇ ಒಯ್ದರೆ ಮುಂಬೈ ಅಂಗಡಿಯಲ್ಲಿ ಆ ಫಾಂಟ್ ಎಲ್ಲಿರಬೇಕು, ಪರದೆ ತುಂಬ ಚಿತ್ರವಿಚಿತ್ರ ಅಕ್ಷರ.

ಇನ್ನೊಂದು ಪೆನ್‌ಡ್ರೈವಿನ ಎರಡೂ ತುದಿಯಲ್ಲಿ ಪ್ಲಗ್ ಇದೆ, ಒಂದು ಕಡೆ ಮಾಮೂಲಿ ಯುಎಸ್‌ಬಿ, ಇನ್ನೊಂದು ಕಡೆ ಟೈಪ್-ಸಿ. ಲ್ಯಾಬಿನ ಎಕ್ಸ್‌ಪಿಯಿಂದ ರೀಡಿಂಗ್ ಫೈಲು ತಗೊಂಡು ಲೋಕಲ್ ಟ್ರೈನಿನಲ್ಲೇ ಫೋನಿಗೆ ಕಾಪಿ ಮಾಡಿಕೊಳ್ಳುತ್ತಾನೆ. ಸಂಜೆ ಮನೆಯ ಡಿಸ್ಕಿಗೂ ಒಂದು ಪ್ರತಿ ಹೋಗುತ್ತದೆ. ಅದನ್ನು ಅವನು ಮರೆತರೂ ಅಕ್ಕ ನೆನಪಿಸುತ್ತಾಳೆ.