ಜರ್ಮನಿಯ ಫುಟ್‌ಬಾಲ್ ಕ್ಲಬ್: ದೂರದ ಅಭಿಮಾನಿ ಆರಿಸಿಕೊಳ್ಳುವುದು ಹೇಗೆ?

ಜರ್ಮನಿಯ ಅಗ್ರ ಫುಟ್‌ಬಾಲ್ ಲೀಗ್ ಆದ ಬುಂಡೆಸ್‌ಲಿಗಾವನ್ನು ಹೊಸದಾಗಿ ನೋಡಲು ಕೂತವರು ಸಾಮಾನ್ಯವಾಗಿ ಮೊದಲು ಅಂಕಪಟ್ಟಿಯನ್ನು ತೆರೆಯುತ್ತಾರೆ, ಮೇಲಿನ ಎರಡು ಹೆಸರುಗಳಲ್ಲಿ ಒಂದನ್ನು ಹಿಡಿದುಕೊಳ್ಳುತ್ತಾರೆ, ಸ್ವಲ್ಪ ಕಾಲದಲ್ಲೇ ಬೇಸತ್ತು ಬಿಡುತ್ತಾರೆ. ಬೇಯರ್ನ್ ಮ್ಯೂನಿಕ್ ತಂಡವೇ 2013ರಿಂದ 2023ರವರೆಗೆ ಸತತ 11 ಬಾರಿ ಪ್ರಶಸ್ತಿ ಗೆದ್ದ ಲೀಗಿನಲ್ಲಿ ‘ಯಾರು ಗೆಲ್ಲುತ್ತಾರೆ’ ಎಂಬ ಪ್ರಶ್ನೆ ಹಿಡಿದು ಹೊರಟರೆ ಹೆಚ್ಚು ದೂರ ಹೋಗಲಾಗದು. ಕ್ಲಬ್ ಯಾರ ಕೈಯಲ್ಲಿದೆ, ಯಾವ ಊರಿನದು, ಸೋತಾಗ ಅದರ ಜನ ಏನು ಮಾಡುತ್ತಾರೆ, ನಾನು ಅದರ ಸದಸ್ಯನಾಗಲು ಮನಸ್ಸು ಮಾಡುತ್ತೇನೆಯೇ ಎಂಬ ಪ್ರಶ್ನೆಗಳನ್ನು ಒಂದರ ಹಿಂದೆ ಒಂದಾಗಿ ಕೇಳಿಕೊಳ್ಳುವುದು ಉತ್ತಮ. ಈ ಲೇಖನ ಅದೇ ಕ್ರಮದಲ್ಲಿ ಸಾಗುತ್ತದೆ.

ಮೊದಲು ಒಡೆತನ ನೋಡಿ

ಜರ್ಮನಿಯ ಹೆಚ್ಚಿನ ಕ್ಲಬ್‌ಗಳು ಹುಟ್ಟಿದ್ದು ನೋಂದಾಯಿತ ಸಂಘಗಳಾಗಿ. ನಮ್ಮ ಹಳ್ಳಿಗಳ ಹಾಲು ಉತ್ಪಾದಕರ ಸಹಕಾರ ಸಂಘದಲ್ಲಿರುವಂತೆ ಅಲ್ಲಿಯೂ ಒಬ್ಬ ಸದಸ್ಯನಿಗೆ ಒಂದೇ ಮತ. ವಾರ್ಷಿಕ ಮಹಾಸಭೆಯಲ್ಲಿ ಎದ್ದುನಿಂತು ಅಧ್ಯಕ್ಷರನ್ನು ಪ್ರಶ್ನಿಸುವ ಹಕ್ಕೂ ಉಂಟು. ವೃತ್ತಿಪರ ತಂಡವನ್ನು ಕಂಪನಿಯಾಗಿ ಬೇರ್ಪಡಿಸಲು 1998ರಲ್ಲಿ ಅನುಮತಿ ದೊರೆತಾಗ ಅದರ ಜೊತೆಗೇ ‘50+1’ ಎಂಬ ನಿಯಮವೂ ಬಂತು. ಹೂಡಿಕೆದಾರರು ಎಷ್ಟೇ ಹಣ ಹಾಕಲಿ, ಆ ಕಂಪನಿಯ ಮತಗಳಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಮೂಲ ಸಂಘದ ಕೈಯಲ್ಲೇ ಉಳಿಯಬೇಕು ಎಂಬುದು ಅದರ ತಿರುಳು. ಇಂಗ್ಲೆಂಡಿನ ದೊಡ್ಡ ಕ್ಲಬ್‌ಗಳನ್ನು ಅಮೆರಿಕದ ಉದ್ಯಮಿಗಳೂ ಕೊಲ್ಲಿ ರಾಷ್ಟ್ರಗಳ ಹೂಡಿಕೆದಾರರೂ ಕೊಂಡಂತೆ ಇಲ್ಲಿ ಕೊಳ್ಳಲಾಗದಿರುವುದು ಈ ನಿಯಮದಿಂದಲೇ.

ನಿಯಮಕ್ಕೆ ಹೊರತಾದವುಗಳನ್ನೂ ತಿಳಿದಿರಬೇಕು. ನೀವು ಮೆಚ್ಚುವ ಕ್ಲಬ್ ಅವುಗಳಲ್ಲಿ ಒಂದಾಗಿದ್ದರೆ ಜರ್ಮನ್ ಅಭಿಮಾನಿಗಳು ಮೊದಲ ಭೇಟಿಯಲ್ಲೇ ಹುಬ್ಬೇರಿಸುತ್ತಾರೆ. ವುಲ್ಫ್ಸ್‌ಬುರ್ಗ್ ತಂಡ ಫೋಕ್ಸ್‌ವ್ಯಾಗನ್ ಕಂಪನಿಯದು. ಲೆವರ್‌ಕೂಸನ್ ತಂಡ ಔಷಧ ಮತ್ತು ರಾಸಾಯನಿಕ ತಯಾರಿಸುವ ಬೇಯರ್ ಕಂಪನಿಯದು. ಆದರೆ ಅದು 1904ರಲ್ಲಿ ಕಾರ್ಖಾನೆಯ ಕಾರ್ಮಿಕರೇ ಸಹಿ ಹಾಕಿ ಕೇಳಿ ಪಡೆದ ಕ್ಲಬ್. ಬೇಯರ್ನ್ ತಂಡದ ಸರಪಳಿಯನ್ನು ಕಡಿದದ್ದೂ ಅದೇ: ಶಾಬಿ ಅಲೊನ್ಸೊ ತರಬೇತಿಯಲ್ಲಿ 2023-24ರ ಋತುವಿನ 34 ಪಂದ್ಯಗಳಲ್ಲಿ ಒಂದನ್ನೂ ಸೋಲದೆ ಪ್ರಶಸ್ತಿ ಗೆದ್ದಿತು. ಅದನ್ನು ಕಂಪನಿಯ ಕ್ಲಬ್ ಎಂದು ಹೀಗಳೆಯುವುದು ನನಗೆ ಸರಿಯೆನಿಸುವುದಿಲ್ಲ. ಲೈಪ್‌ಜಿಗ್ ವಿಷಯ ಬೇರೆ. ರೆಡ್ ಬುಲ್ ಪಾನೀಯ ಕಂಪನಿ 2009ರಲ್ಲಿ ಐದನೇ ಹಂತದ ಒಂದು ಸಣ್ಣ ಕ್ಲಬ್ಬಿನ ಆಟದ ಹಕ್ಕನ್ನು ಪಡೆದು ಅದನ್ನು ಕಟ್ಟಿತು; ಕಂಪನಿಯ ಹೆಸರಿಡಲು ನಿಯಮ ಬಿಡದ ಕಾರಣ ಅವೇ ಮೊದಲಕ್ಷರಗಳು ಬರುವ ಬೇರೊಂದು ಹೆಸರನ್ನು ಹೊಂದಿಸಿತು. ಅಲ್ಲಿ ಮತದ ಹಕ್ಕಿರುವ ಸದಸ್ಯರು ಬಹಳ ಕಡಿಮೆ. ಆಟ ಚೆನ್ನಾಗಿದೆ, ಎಳೆಯ ಆಟಗಾರರನ್ನು ಬೆಳೆಸುವುದರಲ್ಲಿ ಹೆಸರು ಮಾಡಿದೆ; ಸಂಘದೊಳಗೆ ಮಾತ್ರ ನಿಮ್ಮ ದನಿಗೆ ಜಾಗವಿಲ್ಲ.

ಹೊಫೆನ್‌ಹೈಮ್ ಇವೆರಡರ ನಡುವೆ ನಿಲ್ಲುತ್ತದೆ. ಸುಮಾರು 3,000 ಜನರ ಹಳ್ಳಿಯ ಈ ಕ್ಲಬ್ಬನ್ನು ಮೇಲಕ್ಕೆತ್ತಿದವರು, ಹುಡುಗನಾಗಿದ್ದಾಗ ಅಲ್ಲೇ ಆಡಿದ್ದ ಡೀಟ್ಮಾರ್ ಹೊಪ್. ಅವರು ಸ್ಯಾಪ್ ಸಾಫ್ಟ್‌ವೇರ್ ಕಂಪನಿಯ ಸ್ಥಾಪಕರಲ್ಲಿ ಒಬ್ಬರು. ಬೆಂಗಳೂರಿನ ವೈಟ್‌ಫೀಲ್ಡಿನ ಸ್ಯಾಪ್ ಲ್ಯಾಬ್ಸ್‌ನಲ್ಲಿ ದುಡಿಯುವವರಿಗೆ ಈ ನಂಟು ಒಂದು ನೆಪವಾಗಬಹುದು. ಮತಗಳ ಬಹುಪಾಲನ್ನು ಅವರು 2023ರಲ್ಲಿ ಮೂಲ ಸಂಘಕ್ಕೆ ಮರಳಿಸಿದರು.

ಸದಸ್ಯರ ಮಾತಿಗೆ ನಿಜವಾಗಿಯೂ ಬೆಲೆಯಿದೆಯೇ ಎಂಬ ಅನುಮಾನ ಬರುವುದು ಸಹಜ. ಬೇಯರ್ನ್ ತಂಡದ 2021ರ ಮಹಾಸಭೆ ಕತಾರ್ ಏರ್‌ವೇಸ್ ಪ್ರಾಯೋಜಕತ್ವದ ವಿಚಾರವಾಗಿ ಗದ್ದಲದಲ್ಲಿ ಮುಗಿಯಿತು. ಆ ಒಪ್ಪಂದ 2023ರಲ್ಲಿ ಕೊನೆಗೊಂಡಿತು. ಲೀಗಿನ ಪ್ರಸಾರ ಆದಾಯದ ಒಂದು ಪಾಲನ್ನು ಹೂಡಿಕೆದಾರರಿಗೆ ಮಾರುವ ಯೋಜನೆಯ ವಿರುದ್ಧ 2024ರ ಆರಂಭದಲ್ಲಿ ಅಭಿಮಾನಿಗಳು ವಾರಗಟ್ಟಲೆ ಟೆನಿಸ್ ಚೆಂಡುಗಳನ್ನು ಅಂಗಳಕ್ಕೆ ಎಸೆದು ಪಂದ್ಯಗಳನ್ನು ನಿಲ್ಲಿಸಿದರು, ಮತ್ತು ಫೆಬ್ರುವರಿಯಲ್ಲಿ ಲೀಗ್ ಆ ಯೋಜನೆಯನ್ನು ಕೈಬಿಟ್ಟಿತು. ಇಲ್ಲಿ ಒಂದು ಮಾತನ್ನು ಗಮನಿಸಬೇಕು: ಹೂಡಿಕೆಯ ಉದ್ದೇಶಗಳಲ್ಲಿ ವಿದೇಶಗಳಲ್ಲಿ ಲೀಗಿನ ಪ್ರಚಾರ, ಅಂದರೆ ನಮ್ಮಂಥವರನ್ನು ಸೆಳೆಯುವುದೂ ಒಂದಾಗಿತ್ತು. ದೂರದ ಅಭಿಮಾನಿಯನ್ನು ಅಲ್ಲಿಯವರು ಸ್ವಾಗತಿಸುತ್ತಾರೆ, ಆದರೆ ಅವನಿಗಾಗಿ ತಮ್ಮ ಶನಿವಾರವನ್ನು ಬಿಟ್ಟುಕೊಡುವುದಿಲ್ಲ.

ನಂತರ ಊರನ್ನು ಆರಿಸಿ

ತಂಡದಲ್ಲಿರುವ ಆಟಗಾರರು ಎರಡು ಮೂರು ವರ್ಷಗಳಲ್ಲಿ ಬದಲಾಗುತ್ತಾರೆ, ಊರು ಬದಲಾಗುವುದಿಲ್ಲ. ಆದ್ದರಿಂದ ನೆಚ್ಚಿನ ಆಟಗಾರನ ಹಿಂದೆ ಹೋಗುವುದಕ್ಕಿಂತ ನಕಾಶೆಯನ್ನು ಬಿಡಿಸಿಕೊಂಡು ಕೂರುವುದು ಲೇಸು.

ಪಶ್ಚಿಮದಲ್ಲಿ ಕಲ್ಲಿದ್ದಲು ಮತ್ತು ಉಕ್ಕಿನ ನಾಡಾದ ರೂರ್ ಪ್ರದೇಶವಿದೆ. ಡಾರ್ಟ್‌ಮಂಡ್ ನಗರದ ಕ್ರೀಡಾಂಗಣ 81,000ಕ್ಕೂ ಹೆಚ್ಚು ಜನರನ್ನು ಹಿಡಿಸುತ್ತದೆ. ಅದರ ದಕ್ಷಿಣ ಭಾಗದಲ್ಲಿ ಸುಮಾರು 25,000 ಮಂದಿ ನಿಂತೇ ಪಂದ್ಯ ನೋಡುವ ಕಡಿದಾದ ಮೆಟ್ಟಿಲಸಾಲಿಗೆ ‘ಹಳದಿ ಗೋಡೆ’ ಎಂದು ಹೆಸರು. ಅಲ್ಲಿಂದ ಸ್ವಲ್ಪವೇ ದೂರದ ಗೆಲ್ಸೆನ್‌ಕಿರ್ಷೆನ್‌ನಲ್ಲಿ ಶಾಲ್ಕೆ 04 ಇದೆ. ಗಣಿ ಕಾರ್ಮಿಕರ ನಡುವೆ ಬೆಳೆದ ಆ ಕ್ಲಬ್ಬಿನ ಆಟಗಾರರು ಅಂಗಳಕ್ಕೆ ಬರುವ ದಾರಿಯನ್ನು ಗಣಿಯ ಸುರಂಗದಂತೆಯೇ ಕಟ್ಟಿದ್ದಾರೆ. ಆ ಪ್ರದೇಶದ ಕೊನೆಯ ಕಲ್ಲಿದ್ದಲು ಗಣಿ 2018ರಲ್ಲಿ ಮುಚ್ಚಿತು. ಗಣಿಗಾರರ ಹಾಡು ಮಾತ್ರ ಕ್ರೀಡಾಂಗಣದಲ್ಲಿ ಇಂದಿಗೂ ಕೇಳುತ್ತದೆ. ಉತ್ತರದ ಬಂದರು ನಗರ ಹ್ಯಾಂಬರ್ಗ್‌ನಲ್ಲಿ ಎರಡು ಕ್ಲಬ್‌ಗಳು. ಒಂದು ಹಳೆಯ ಘನತೆಯ ಹ್ಯಾಂಬರ್ಗರ್ ಎಸ್‌ವಿ, ಇನ್ನೊಂದು ತಲೆಬುರುಡೆಯ ಬಾವುಟ ಹಾರಿಸುವ, ಜನಾಂಗದ್ವೇಷವನ್ನು ಬಹಿರಂಗವಾಗಿ ವಿರೋಧಿಸುವ ಸೇಂಟ್ ಪೌಲಿ. ಈಚೆಗೆ ತನ್ನ ಕ್ರೀಡಾಂಗಣದ ಬಹುಪಾಲು ಒಡೆತನವನ್ನು ಸಹಕಾರ ಸಂಘವೊಂದಕ್ಕೆ ವರ್ಗಾಯಿಸಲು ಸೇಂಟ್ ಪೌಲಿ ಅಭಿಮಾನಿಗಳಿಗೇ ಷೇರು ಮಾರಿತು. ರಾಜಕೀಯ ನಿಲುವು ಬೇಡವೆನ್ನುವವರು ಅತ್ತ ಹೋಗಬಾರದು. ಅಲ್ಲಿ ಅದನ್ನು ಆಟದಿಂದ ಬೇರ್ಪಡಿಸಲಾಗದು.

ಕಲೋನ್‌ ತಂಡ 1964ರಲ್ಲಿ ಬುಂಡೆಸ್‌ಲಿಗಾದ ಮೊದಲ ಚಾಂಪಿಯನ್ ಆಯಿತು. ಹೆನ್ನೆಸ್ ಎಂಬ ಹೆಸರಿನ ಜೀವಂತ ಹೋತ ಅದರ ಲಾಂಛನ. ಅದರ ವಾಸ ನಗರದ ಮೃಗಾಲಯದಲ್ಲಿ. ಕಪ್ಪು ಅರಣ್ಯದ ಅಂಚಿನ ಫ್ರೈಬುರ್ಗ್ ಶಾಂತ ಸ್ವಭಾವದ ಕ್ಲಬ್; ಕ್ರಿಸ್ಟಿಯನ್ ಸ್ಟ್ರೈಖ್ ಒಬ್ಬರೇ ಅಲ್ಲಿ 2011ರ ಕೊನೆಯಿಂದ 2024ರವರೆಗೆ ಮುಖ್ಯ ತರಬೇತುದಾರರಾಗಿದ್ದರು, ತಂಡ ಕೆಳ ಲೀಗಿಗೆ ಇಳಿದಾಗಲೂ ಅವರನ್ನು ಕಳುಹಿಸಲಿಲ್ಲ. ಓದಿಗೋ ವಾಹನ ಉದ್ಯಮದ ಕೆಲಸಕ್ಕೋ ಸ್ಟಟ್‌ಗಾರ್ಟ್‌ಗೆ ಹೋಗಿರುವ ಕನ್ನಡಿಗರಿಗೆ ಇಷ್ಟೆಲ್ಲ ಹುಡುಕಾಟ ಬೇಕಿಲ್ಲ. 2025ರಲ್ಲಿ ಜರ್ಮನ್ ಕಪ್ ಗೆದ್ದ ಆ ಊರಿನ ಕ್ಲಬ್ ವಿಎಫ್‌ಬಿ ಮನೆಬಾಗಿಲಲ್ಲೇ ಇದೆ, ಮತ್ತು ಇರುವ ಊರಿನ ಕ್ಲಬ್ಬನ್ನು ಬಿಟ್ಟು ದೂರದ್ದನ್ನು ಹಿಡಿಯುವುದು ಜರ್ಮನಿಯಲ್ಲಿ ವಿಚಿತ್ರವಾಗಿ ಕಾಣುತ್ತದೆ.

ನನ್ನ ಒಲವು ಪೂರ್ವ ಬರ್ಲಿನ್ನಿನ ಯೂನಿಯನ್ ಕಡೆಗೆ. ಅದರ ಕಾರಣ ಹೇಳಿದರೆ ಆಯ್ಕೆಯ ಬಗೆಯೂ ತಿಳಿದೀತು. ಕ್ಯೋಪೆನಿಕ್ ಬಡಾವಣೆಯ ಕಾಡಿನ ಅಂಚಿನಲ್ಲಿ ಈ ಕ್ಲಬ್ಬಿನ ಅಂಗಳವಿದೆ. ಹಣವಿಲ್ಲದೆ ಕ್ಲಬ್ ಮುಳುಗುವ ಹಂತ ತಲುಪಿದ್ದ 2004ರಲ್ಲಿ ಅಭಿಮಾನಿಗಳು ರಕ್ತದಾನ ಮಾಡಿ, ಅದಕ್ಕೆ ಸಿಕ್ಕ ಹಣವನ್ನು ಕ್ಲಬ್ಬಿಗೆ ಕೊಟ್ಟರು. ಕ್ರೀಡಾಂಗಣ ದುರಸ್ತಿಯಾಗಬೇಕಾದಾಗ 2008-09ರಲ್ಲಿ 2,000ಕ್ಕೂ ಹೆಚ್ಚು ಮಂದಿ ಕೂಲಿ ಪಡೆಯದೆ ಸುಮಾರು 1,40,000 ಗಂಟೆ ದುಡಿದು ಮೆಟ್ಟಿಲಸಾಲುಗಳಿಗೆ ಕಾಂಕ್ರೀಟ್ ಹಾಕಿದರು. ಸುಮಾರು 22,000 ಜನ ಹಿಡಿಸುವ ಅಲ್ಲಿ ಕೂರುವ ಆಸನಗಳು 4,000ಕ್ಕೂ ಕಡಿಮೆ, ಉಳಿದವರೆಲ್ಲ ನಿಂತಿರುತ್ತಾರೆ. ಪಂದ್ಯಕ್ಕೆ ಮುಂಚೆ ಪ್ರತಿ ಆಟಗಾರನ ಹೆಸರು ಕೂಗಿದಾಗಲೂ, ಅವನು ಆ ವಾರವಷ್ಟೇ ಬಂದ ಬದಲಿ ಆಟಗಾರನಾಗಿದ್ದರೂ ಸರಿ, ಇಡೀ ಅಂಗಳ ‘ಫುಟ್‌ಬಾಲ್ ದೇವರು’ ಎಂದು ಉತ್ತರಿಸುತ್ತದೆ. 2003ರ ಕ್ರಿಸ್‌ಮಸ್ ಹೊತ್ತಿನಲ್ಲಿ ಬೀಗ ಹಾಕಿದ್ದ ಅಂಗಳಕ್ಕೆ ನುಸುಳಿದ 89 ಮಂದಿ ಭಕ್ತಿಗೀತೆಗಳನ್ನು ಹಾಡಿ ಹೋಗಿದ್ದರು. ಈಗ ಪ್ರತಿ ಡಿಸೆಂಬರ್ 23ರಂದು ಅದೇ ಹಾಡಿಗೆ ಕ್ರೀಡಾಂಗಣ ತುಂಬುತ್ತದೆ. ಇಂಥ ಕ್ಲಬ್ 2019ರಲ್ಲಿ ಮೊದಲ ಬಾರಿ ಬುಂಡೆಸ್‌ಲಿಗಾಕ್ಕೆ ಬಂದು, 2023ರಲ್ಲಿ ಚಾಂಪಿಯನ್ಸ್ ಲೀಗಿನಲ್ಲಿ ರಿಯಲ್ ಮ್ಯಾಡ್ರಿಡ್ ಎದುರು ಆಡಿತು. ಇದರ ಆಟ ಬಹುಪಾಲು ರಕ್ಷಣಾತ್ಮಕವಾದದ್ದು, ನೋಡಲು ಯಾವಾಗಲೂ ಚೆಂದವಲ್ಲ ಎಂಬುದನ್ನೂ ಹೇಳಬೇಕು.

ಎಷ್ಟು ಸೋಲನ್ನು ತಾಳಬಲ್ಲಿರಿ?

ಬುಂಡೆಸ್‌ಲಿಗಾದಲ್ಲಿ 18 ತಂಡಗಳಿವೆ. ಋತುವಿನ ಕೊನೆಗೆ ಕೆಳಗಿನ ಎರಡು ತಂಡಗಳು ನೇರವಾಗಿ ಎರಡನೇ ಲೀಗಿಗೆ ಇಳಿಯುತ್ತವೆ, 16ನೇ ಸ್ಥಾನದ ತಂಡ ಎರಡನೇ ಲೀಗಿನ ಮೂರನೇ ತಂಡದೊಡನೆ ಎರಡು ಪಂದ್ಯ ಆಡಿ ಉಳಿವು ಗಳಿಸಬೇಕು. ಐಪಿಎಲ್ ನೋಡಿ ಬೆಳೆದವರಿಗೆ ಇದು ಹೊಸ ಅನುಭವ, ಏಕೆಂದರೆ ಇಲ್ಲಿ ತಂಡ ಕಣ್ಮುಂದೆಯೇ ಕೆಳಗಿಳಿದು ವರ್ಷಗಳವರೆಗೆ ಮೇಲೆ ಬಾರದಿರಬಹುದು. 1963ರಲ್ಲಿ ಲೀಗ್ ಆರಂಭವಾದಂದಿನಿಂದ ಒಮ್ಮೆಯೂ ಇಳಿಯದಿದ್ದ ಹ್ಯಾಂಬರ್ಗರ್ ಎಸ್‌ವಿ ಆ ಕಾಲವನ್ನು ಸೆಕೆಂಡುಗಳವರೆಗೆ ಎಣಿಸುವ ಗಡಿಯಾರವನ್ನೇ ಕ್ರೀಡಾಂಗಣದಲ್ಲಿ ಇರಿಸಿತ್ತು. 2018ರಲ್ಲಿ ಇಳಿದು, ಮರಳಿ ಬರಲು 2025ರವರೆಗೆ ಕಾಯಬೇಕಾಯಿತು. ಶಾಲ್ಕೆ 2021ರಲ್ಲಿಯೂ 2023ರಲ್ಲಿಯೂ ಇಳಿಯಿತು. ಎರಡನೇ ಲೀಗಿನಿಂದ ಬಂದ ವರ್ಷವೇ, 1998ರಲ್ಲಿ, ಚಾಂಪಿಯನ್ ಆದ ಕೈಸರ್ಸ್‌ಲೌಟರ್ನ್ ಮುಂದೆ ಮೂರನೇ ಲೀಗನ್ನೂ ಕಂಡಿತು.

ಡಾರ್ಟ್‌ಮಂಡ್ ಅಭಿಮಾನಿಯ ಸಂಕಟ ಬೇರೆ ಬಗೆಯದು. 2023ರ ಮೇ ತಿಂಗಳಲ್ಲಿ ಋತುವಿನ ಕೊನೆಯ ದಿನ ತವರಿನಲ್ಲಿ ಮೈಂಟ್ಸ್ ತಂಡವನ್ನು ಸೋಲಿಸಿದ್ದರೆ ಪ್ರಶಸ್ತಿ ಅದರದಾಗುತ್ತಿತ್ತು. 2-2ರ ಡ್ರಾ ಆಗಿ, ಅಂಕ ಸಮನಾದರೂ ಗೋಲುಗಳ ಅಂತರದಲ್ಲಿ ಅದು ಬೇಯರ್ನ್ ಪಾಲಾಯಿತು. ಬೇಯರ್ನ್ ಅನ್ನೇ ಆರಿಸುವೆ ಎನ್ನುವವರನ್ನು ನಾನು ತಡೆಯುವುದಿಲ್ಲ. ಗೋಲ್‌ಕೀಪರ್ ಓಲಿವರ್ ಕಾನ್ ಅವರ ವಿದಾಯದ ಪ್ರವಾಸದಲ್ಲಿ ಆ ತಂಡ 2008ರಲ್ಲಿ ಕೋಲ್ಕತ್ತದ ಸಾಲ್ಟ್ ಲೇಕ್ ಕ್ರೀಡಾಂಗಣದಲ್ಲಿ ಮೋಹನ್ ಬಾಗಾನ್ ಎದುರು ಆಡಿದ್ದನ್ನು ನೆನೆಯುವ ಭಾರತೀಯ ಅಭಿಮಾನಿಗಳು ಇಂದಿಗೂ ಇದ್ದಾರೆ. ಆದರೆ ಅಲ್ಲಿ ಗೆಲುವು ವಾಡಿಕೆ, ಒಂದು ಡ್ರಾ ಕೂಡ ಬಿಕ್ಕಟ್ಟು. ಆ ಮನಃಸ್ಥಿತಿ ಎಲ್ಲರಿಗೂ ಹಿಡಿಸದು.

ಗಡಿಯಾರದೊಡನೆ ಹೊಂದಾಣಿಕೆ

ಈ ವಿಷಯದಲ್ಲಿ ಭಾರತದ ವೀಕ್ಷಕರು ಅದೃಷ್ಟವಂತರು. ಶನಿವಾರದ ಮುಖ್ಯ ಪಂದ್ಯಗಳು ಅಲ್ಲಿಯ ಮಧ್ಯಾಹ್ನ 3.30ಕ್ಕೆ ಶುರುವಾಗುತ್ತವೆ, ನಮಗೆ ಅದು ಬೇಸಿಗೆ ಸಮಯದಲ್ಲಿ ಸಂಜೆ 7 ಗಂಟೆ, ಚಳಿಗಾಲದ ಸಮಯದಲ್ಲಿ ರಾತ್ರಿ 8 ಗಂಟೆ. ಅಕ್ಟೋಬರ್ ಮತ್ತು ಮಾರ್ಚ್ ತಿಂಗಳ ಕೊನೆಯ ಭಾನುವಾರ ಯುರೋಪಿನಲ್ಲಿ ಗಡಿಯಾರ ಬದಲಾಗುವುದನ್ನು ಮರೆತರೆ ಒಂದು ಗಂಟೆ ಏರುಪೇರಾಗುತ್ತದೆ. ಶುಕ್ರವಾರ ರಾತ್ರಿಯ ಪಂದ್ಯ ಮಾತ್ರ ನಮಗೆ ಮಧ್ಯರಾತ್ರಿ ಅಥವಾ ಒಂದು ಗಂಟೆಗೆ ಬೀಳುತ್ತದೆ. ಪ್ರಸಾರದ ಹಕ್ಕು ಕೆಲವು ವರ್ಷಗಳಿಗೊಮ್ಮೆ ಕೈ ಬದಲಾಗುವುದರಿಂದ ನಿಮ್ಮ ತಂಡದ ಪಂದ್ಯ ಎಲ್ಲಿ ಬರುತ್ತದೆ ಎಂಬುದನ್ನು ಪ್ರತಿ ಆಗಸ್ಟ್‌ನಲ್ಲಿ ಖಚಿತಪಡಿಸಿಕೊಳ್ಳಿ. ಎರಡನೇ ಲೀಗಿನ ಕ್ಲಬ್ಬನ್ನು ಆರಿಸುವ ಮೊದಲು ಈ ವಿಚಾರಣೆ ಇನ್ನೂ ಅಗತ್ಯ.

ಒಂದು ಋತು ನೋಡಿ, ಆಮೇಲೆ ಸದಸ್ಯರಾಗಿ

ಎರಡು ಮೂರು ಕ್ಲಬ್‌ಗಳನ್ನು ಆಯ್ದುಕೊಂಡು ಕೆಲವು ತಿಂಗಳು ಅವುಗಳ ತವರು ಪಂದ್ಯಗಳನ್ನು ಆರಂಭಕ್ಕೆ ಕಾಲು ಗಂಟೆ ಮುಂಚಿನಿಂದಲೇ ನೋಡಿ. ಗೋಲು ಬಿದ್ದಾಗ ಏನಾಗುತ್ತದೆ ಎಂಬುದನ್ನು ಆಲಿಸಿ: ಘೋಷಕರು ಗೋಲು ಹೊಡೆದವನ ಮೊದಲ ಹೆಸರನ್ನಷ್ಟೇ ಕೂಗುತ್ತಾರೆ, ಕುಲನಾಮವನ್ನು ಪ್ರೇಕ್ಷಕರು ಒಕ್ಕೊರಲಿನಿಂದ ತುಂಬುತ್ತಾರೆ. ಆಮೇಲೆ ತವರು ತಂಡದ ಗೋಲುಗಳ ಸಂಖ್ಯೆ. ಎದುರಾಳಿಯ ಸಂಖ್ಯೆ ಬಂದಾಗ ಅವರು ಎಷ್ಟೇ ಹೊಡೆದಿರಲಿ, ಹಲವು ಅಂಗಳಗಳಲ್ಲಿ ಪ್ರೇಕ್ಷಕರ ಉತ್ತರ ಸೊನ್ನೆಯೇ. ಕೊನೆಗೆ ಘೋಷಕರು ಧನ್ಯವಾದ ಹೇಳುತ್ತಾರೆ, ಜನ ಪರವಾಗಿಲ್ಲ ಎನ್ನುತ್ತಾರೆ. ಯಾವ ಅಂಗಳದ ಈ ಗದ್ದಲಕ್ಕೆ ನೀವು ತಾವಾಗಿಯೇ ದನಿಗೂಡಿಸುತ್ತೀರೋ ಅದರತ್ತ ಹೊರಳಿ. ಓದಲು ಬಯಸುವವರಿಗೆ 1920ರಿಂದ ಬರುತ್ತಿರುವ ‘ಕಿಕ್ಕರ್’ ಪತ್ರಿಕೆ ಇದೆ. ಅದು ಆಟಗಾರರಿಗೆ ಕೊಡುವ ಅಂಕಗಳಲ್ಲಿ 1 ಅತ್ಯುತ್ತಮ, 6 ಅತಿ ಕಳಪೆ ಎಂಬುದನ್ನು ತಿಳಿದಿದ್ದರೆ ಗೊಂದಲವಿರದು.

ಆಯ್ಕೆ ಮುಗಿದ ಮೇಲೆ ವೈರಿಗಳ ಪಟ್ಟಿಯೂ ನಿಮ್ಮದಾಗುತ್ತದೆ. ಡಾರ್ಟ್‌ಮಂಡ್ ಮತ್ತು ಶಾಲ್ಕೆ, ಕಲೋನ್ ಮತ್ತು ಮ್ಯೋಂಶೆನ್‌ಗ್ಲಾಡ್‌ಬಾಖ್, ಹ್ಯಾಂಬರ್ಗಿನ ಎರಡು ಕ್ಲಬ್‌ಗಳು: ಈ ಜೋಡಿಗಳಲ್ಲಿ ಎರಡನ್ನೂ ಇಷ್ಟಪಡುತ್ತೇನೆ ಎಂದರೆ ಯಾರೂ ನಂಬುವುದಿಲ್ಲ.

ಸದಸ್ಯತ್ವದ ಅರ್ಜಿಯನ್ನು ಬಹುತೇಕ ಕ್ಲಬ್‌ಗಳ ಜಾಲತಾಣದಲ್ಲೇ ತುಂಬಬಹುದು, ವಿದೇಶಿಯರಿಗೂ ಅವಕಾಶವಿದೆ. ಶುಲ್ಕ ಕಟ್ಟುವ ಮೊದಲು ನಿಯಮಾವಳಿಯಲ್ಲಿ ಎರಡು ಅಂಶಗಳನ್ನು ಹುಡುಕಿ: ನಿಮ್ಮ ಸದಸ್ಯತ್ವಕ್ಕೆ ಮತದ ಹಕ್ಕಿದೆಯೇ, ಮತ ಹಾಕಲು ಸಭೆಗೆ ಖುದ್ದಾಗಿ ಹಾಜರಿರಬೇಕೇ. ದೊಡ್ಡ ಕ್ಲಬ್‌ಗಳಲ್ಲಿ ಟಿಕೆಟ್ ಮೊದಲು ಸದಸ್ಯರಿಗೆ ಮೀಸಲು. ಮ್ಯೂನಿಕ್ ಮತ್ತು ಡಾರ್ಟ್‌ಮಂಡ್‌ನಲ್ಲಿ ಸದಸ್ಯರಿಗೂ ಸುಲಭಕ್ಕೆ ಸಿಗುವುದಿಲ್ಲ. ಕಾಳಸಂತೆಯ ದುಬಾರಿ ಟಿಕೆಟ್ ಕೊಳ್ಳಬೇಡಿ, ಕ್ಲಬ್ಬಿನದೇ ಮರುಮಾರಾಟದ ವ್ಯವಸ್ಥೆಯನ್ನು ನೋಡಿ. ಹಲವು ಕ್ಲಬ್‌ಗಳ ಟಿಕೆಟ್ಟಿನಲ್ಲಿ ಪಂದ್ಯದ ದಿನದ ಸ್ಥಳೀಯ ರೈಲು ಮತ್ತು ಬಸ್ ಪ್ರಯಾಣವೂ ಸೇರಿರುತ್ತದೆ. ಮೊದಲ ಸಲ ಹೋಗುವವರು ನಿಂತು ನೋಡುವ ವಿಭಾಗದ ಟಿಕೆಟ್ ಪಡೆದರೆ ಖರ್ಚು ಕಡಿಮೆ. ಆದರೆ ಗೋಲಿನ ಹಿಂದಿನ ನಟ್ಟನಡುವಿನ ಜಾಗ ವರ್ಷಗಳಿಂದ ಹಾಡು ಹೇಳಿಸುವವರದು, ಆದ್ದರಿಂದ ಅಂಚಿನಲ್ಲಿ ನಿಲ್ಲಿ ಮತ್ತು ಫೋನನ್ನು ಕಿಸೆಯಲ್ಲಿಡಿ.