ಬೀಗ ಹಾಕಿದ ಮನೆಗೆ ಮತ್ತೆ ಹೋಗಿ: ಊರಿನ ಆರೋಗ್ಯ ಸರ್ವೆ ಮಾಡುವುದು ಹೇಗೆ?

ಆರೋಗ್ಯ ಉಪಕೇಂದ್ರಕ್ಕೆ ಹೊಸದಾಗಿ ಬಂದ ನರ್ಸ್‌ಗಳು ಎರಡೇ ದಿನದಲ್ಲಿ ಸರ್ವೆ ಮುಗಿಸುವುದನ್ನು ಎಷ್ಟೋ ಸಲ ನೋಡಿದ್ದೇನೆ. ಫಾರಂ ಎಲ್ಲಾ ತುಂಬಿರುತ್ತದೆ. ಆದರೆ ಯಾರಿಗೆ ಏನು ತೊಂದರೆ ಅಂತ ಅದರಿಂದ ಗೊತ್ತಾಗುವುದಿಲ್ಲ.

ಮೊದಲು ಹಳೆಯ ರಿಜಿಸ್ಟರ್ ನೋಡಿ. ನೋಡಿ ಅಷ್ಟೇ, ಕಾಪಿ ಮಾಡಬೇಡಿ. ಬಯಲು ಪ್ರದೇಶದಲ್ಲಿ ಒಂದು ಉಪಕೇಂದ್ರಕ್ಕೆ ಸುಮಾರು 5,000 ಜನ, ಗುಡ್ಡಗಾಡಿನಲ್ಲಿ 3,000. ಆಶಾ ಕಾರ್ಯಕರ್ತೆಯ ಜೊತೆ ಕೂತು ನಕ್ಷೆ ಬರೆಯಿರಿ. ತೋಟದ ಮನೆ, ಊರಾಚೆಯ ಇಟ್ಟಿಗೆ ಗೂಡಿನ ಶೆಡ್ ಬಿಡಬೇಡಿ.

ಕಷ್ಟ ಶುರುವಾಗುವುದು ಮನೆ ಬಾಗಿಲಲ್ಲಿ. "ಬಿಪಿ ಇದೆಯಾ ಅಜ್ಜಿ?" ಅಂದರೆ "ಏನೂ ಇಲ್ಲ ಕಣಮ್ಮ" ಅಂತಾರೆ. ಹಾಗೆ ಕೇಳಲೇಬೇಡಿ. "ದಿನಾ ಯಾವ ಮಾತ್ರೆ ನುಂಗ್ತೀರಾ, ತಂದು ತೋರಿಸಿ" ಅನ್ನಿ. ಒಳಗಿಂದ ಒಂದು ಪ್ಲಾಸ್ಟಿಕ್ ಕವರ್ ಬರುತ್ತದೆ, ಅದರಲ್ಲಿ ಅರ್ಧ ಖಾಲಿಯಾದ ಸ್ಟ್ರಿಪ್, ಮಡಚಿ ಮಡಚಿ ಹರಿದ ಚೀಟಿ. ಚೀಟಿಯ ತಾರೀಖು ನೋಡಿ, ಉಳಿದ ಮಾತ್ರೆ ಎಣಿಸಿ. ಮೈ ಹಗುರಾಯ್ತು ಅಂತ ಮಾತ್ರೆ ಬಿಟ್ಟವರು ಯಾರು ಅಂತ ಅಲ್ಲೇ ಗೊತ್ತಾಗುತ್ತದೆ. ಅತ್ತೆ ಪಕ್ಕದಲ್ಲಿದ್ದರೆ ಸೊಸೆಗೆ ಮುಟ್ಟು, ಬಿಳಿ ಸೆರಗಿನ ವಿಷಯ ಎತ್ತಬೇಡಿ. ತೂಕ ನೋಡುವ ನೆಪದಲ್ಲಿ ಒಳಗೆ ಕರೆದುಕೊಂಡು ಹೋಗಿ ಮೆಲ್ಲಗೆ ಕೇಳಿ.

30 ವರ್ಷ ದಾಟಿದವರಿಗೆ ಸಿಬಿಎಸಿ ಫಾರಂ ಇದೆ, ಬಿಪಿ, ಸಕ್ಕರೆ ಕಾಯಿಲೆಯಂಥವು ಬರುವ ಅಪಾಯ ಎಷ್ಟು ಅಂತ ಅಂಕ ಹಾಕಿ ನೋಡುವ ಪಟ್ಟಿ. ಅದರಲ್ಲಿ ಎಡವುವುದು ಸೊಂಟದ ಅಳತೆಯಲ್ಲಿ. ಸೀರೆ ನೆರಿಗೆಯ ಮೇಲೆ ಟೇಪ್ ಸುತ್ತಿದರೆ ಅದು ಬಟ್ಟೆಯ ಅಳತೆ, ಅಲ್ವಾ? ಕೊನೆಯ ಪಕ್ಕೆಲುಬು ಮತ್ತು ಸೊಂಟದ ಮೂಳೆಯ ನಡುವೆ, ಉಸಿರು ಬಿಟ್ಟಾಗ ಅಳೆಯಿರಿ. ಹೆಂಗಸರಿಗೆ 80 ಸೆಂ.ಮೀ., ಗಂಡಸರಿಗೆ 90 ದಾಟಿದರೆ ಅಂಕ ಸೇರುತ್ತದೆ. ಒಟ್ಟು ಅಂಕ 4 ದಾಟಿದವರನ್ನು ತಪಾಸಣೆಗೆ ಮೊದಲು ಕಳಿಸಿ. ಹಿಗ್ಗಿಹೋದ ಹಳೇ ಟೈಲರ್ ಟೇಪ್ ಇದ್ದರೆ ಇವತ್ತೇ ಬಿಸಾಡಿ.

ಇನ್ನು ಬೀಗ ಹಾಕಿದ ಮನೆಗಳು. ಹಗಲು 11 ಗಂಟೆಗೆ ಹೋದರೆ ಕೂಲಿಗೆ ಹೋದವರು ಹೇಗೆ ಸಿಗುತ್ತಾರೆ? ನಕ್ಷೆಯಲ್ಲಿ ಕೆಂಪು ಗುರುತು ಹಾಕಿಕೊಂಡು, ಬೆಳಿಗ್ಗೆ 7ರೊಳಗೆ ಇಲ್ಲವೇ ದೀಪ ಹಚ್ಚುವ ಹೊತ್ತಿಗೆ ಮತ್ತೆ ಹೋಗಿ. ಪಕ್ಕದ ಮನೆಯವರನ್ನು ಕೇಳಿ ಸುಮ್ನೆ ತುಂಬುವ ಅಡ್ಡದಾರಿ ಬೇಡವೇ ಬೇಡ. ಲಸಿಕೆ ತಪ್ಪಿದ ಮಗು, ತಾಯಿ ಕಾರ್ಡೇ ಮಾಡಿಸದ ಬಸುರಿ ನನಗೆ ಸಿಕ್ಕಿದ್ದು ಜಾಸ್ತಿ ಇಂಥ ಮನೆಗಳಲ್ಲೇ.

ಲೆಕ್ಕ ಕೂಡಿಸಿ ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕತೆ ಸಮಿತಿಯ ಮುಂದೆ ಓದಿ. ನಿಮ್ಮ ಪಟ್ಟಿಯಲ್ಲಿ ಬಿಪಿ ಮೊದಲಿದ್ದು, ಜನ ಶಾಲೆ ಪಕ್ಕದ ಚರಂಡಿ ಅಂದರೆ, ಅದನ್ನೂ ಬರೆದುಕೊಂಡು ಎದ್ದು ಹೋಗಿ ಆ ಚರಂಡಿ ನೋಡಿ ಬನ್ನಿ.